ಎಡಗೆನ್ನೆಯ ಗಾಳಿ

ನೆಲ ಅಳೆಯುವುದು ನನ್ನ ಕೆಲಸ.
ಅರಸೀಕೆರೆ ತಾಲ್ಲೂಕು ಕಚೇರಿ, ಸರ್ವೆ ವಿಭಾಗ,
ಹದಿನೇಳು ವರ್ಷ ಹದಿನಾರಾಣೆಯ ಸರಪಳಿ ಎಳೆದಿದ್ದೇನೆ.
ಸಾವಿರ ಮೀಟರ್ ಎಂದರೆ ನನಗೆ
ಹೆಚ್ಚುಕಮ್ಮಿ ನೂರು ಸರಪಳಿ, ನಡುವೆ ಒಂದು ಹಳ್ಳ,
ಎರಡು ಬಾಂದುಕಲ್ಲು, ಒಂದು ಕಳ್ಳಿಬೇಲಿ.

"ತಪ್ಪು" ಅಂದರು ಬಶೀರುದ್ದೀನ್ ಹವಾಲ್ದಾರರು.
"ಅಲ್ಲಿರೋದು ಗಾಳಿ ಕಣಮ್ಮ. ಬರೀ ಗಾಳಿ."

ಕ್ಲಬ್ಬಿನ ಬಯಲು ಊರಾಚೆ, ಕಲ್ಲುಗುಡ್ಡಕ್ಕೆ ಮುಖ ಮಾಡಿ.
ಗುಡ್ಡದ ಬುಡದಲ್ಲಿ ಮೊರದಗಲ ಕಬ್ಬಿಣದ ತಟ್ಟೆ,
ಸುಣ್ಣ ಬಳಿದದ್ದು. ಬರಿಗಣ್ಣಿಗೆ ಅದು
ಯಾರೋ ಕೈತಪ್ಪಿ ಚೆಲ್ಲಿದ ಅನ್ನದಗುಳು.
ಎರಡು ತಿಂಗಳು ಗುಂಡೇ ಕೊಡಲಿಲ್ಲ.
ಬೋರಲು ಮಲಗು, ಮೊಣಕೈ ಒಳಗೆ,
ನಳಿಗೆಯ ತುದಿಯಲ್ಲಿ ಐದು ರೂಪಾಯಿ ನಾಣ್ಯ,
ಖಾಲಿ ಬಂದೂಕಿನ ಕುದುರೆ ಎಳೆದರೆ ಅದು ಬೀಳಬಾರದು.
ಬಿತ್ತು. ಬಿತ್ತು. ಜೀರುಂಡೆಯೊಂದು ಬಂದು
ನಾಣ್ಯದ ಮೇಲೆ ಕೂತಿತು, ಅದೂ ಬಿತ್ತು.
ಸಂಕ್ರಾಂತಿ ಕಳೆದ ಮೇಲೊಂದು ಭಾನುವಾರ ಬೀಳಲಿಲ್ಲ.
ಅವರು ಅದನ್ನೇ ಎತ್ತಿಕೊಂಡು ಚಹಾ ತರಿಸಿದರು,
ಮೇಲಿನ ಐದು ತಾವೇ ಸೇರಿಸಿ.

ಬಿಸಿಲು ಬಲಿತ ಮೇಲೆ ದುರ್ಬೀನು.
ಬಿಸಿಲ್ಗುದುರೆಯ ಬೆನ್ನು ಹತ್ತಬೇಡಿ ಎಂದೇ
ಶಾಲೆಯಲ್ಲಿ ಕಲಿಸಿದ್ದರು ನಮಗೆ.
ಇವರೆಂದರು: "ಅದನ್ನೇ ನೋಡು.
ನೆಟ್ಟಗೆ ಮೇಲಕ್ಕೆ ಕುದೀತಿದ್ರೆ ಗಾಳಿ ಇಲ್ಲ, ಇದ್ರೂ ಎದುರಿಂದ.
ಬಲಕ್ಕೆ ಓಡಿದ್ರೆ ಎಡದಿಂದ ಬರ್ತಿದೆ.
ಮಲಗಿಕೊಂಡು ಓಡಿದ್ರೆ ಜೋರು.
ಒಂದು ಕುದುರೆ ಬೆರಳಡಿ, ಒಂದು ಕುದುರೆ ಬಿಸಿಲಲ್ಲಿ.
ಎಳೆಯೋದು ಒಂದನ್ನೇ, ಅದೂ ಇನ್ನೊಂದನ್ನ ಕೇಳಿ."

ಗಾಳಿ ಒಂದಲ್ಲ. ನನ್ನ ಕೆನ್ನೆಯದೊಂದು,
ಹಳ್ಳದ ಕರಡದ ಹುಲ್ಲಿನದು ಇನ್ನೊಂದು,
ಗುಡ್ಡಕ್ಕೆ ಬಡಿದು ತಿರುಗಿ ಬರುವುದನ್ನು
ಹದ್ದು ಬಲ್ಲದು, ನಾನಲ್ಲ.
ಅಜ್ಜಿ ಕಣದಲ್ಲಿ ರಾಗಿ ತೂರುವಾಗ
ಮೊರ ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು,
ಯಾಕೆ ನಿಂತೆ ಎಂದರೆ "ಷ್" ಎನ್ನುತ್ತಿದ್ದಳು.
ಈಗ ನಾನೂ ಅಷ್ಟು ಹೊತ್ತು ನಿಲ್ಲುತ್ತೇನೆ,
ಮಲಗಿಕೊಂಡೇ.

ಅರ್ಧ ಉಸಿರು ಬಿಟ್ಟು, ಎರಡು ಬಡಿತಗಳ ನಡುವೆ.
ಗುಂಡು ಹೋಯಿತು. ಅದು ತಲುಪುವಷ್ಟರಲ್ಲಿ
ಒಬ್ಬರ ಹೆಸರು ಪೂರ್ತಿ ಹೇಳಬಹುದು.
ತಟ್ಟೆಯ ಸದ್ದು ಹಿಂತಿರುಗಲು ಇನ್ನೂ ಮೂರು ಸೆಕೆಂಡು.
ಬರದಿದ್ದರೆ ಆ ಮೂರು ಮುಗಿಯುವುದೇ ಇಲ್ಲ.

ಹವಾಲ್ದಾರರಿಗೆ ಆ ಸದ್ದು ಕೇಳದು.
ಇಪ್ಪತ್ತೆಂಟು ವರ್ಷದ ಬಂದೂಕು ಕಿವಿ ತಿಂದಿದೆ.
ನನ್ನ ಮುಖ ನೋಡಿ ಕೇಳುತ್ತಾರೆ, "ಏನಂತು?"
ಬಲಕ್ಕೆ ಮೂರು ಮೊಳ, ಎಂದು ಕೈಯಲ್ಲಿ ತೋರಿಸುತ್ತೇನೆ.
"ಬರೆ. ತಾರೀಖು, ಸೆಕೆ, ಗಾಳಿ. ನೆಪ ಬರೀಬೇಡ."
ಮೂವತ್ತೊಂದನೆಯದಕ್ಕೆ ಟಣ್ ಎಂದಿತು.
ನಾನು ಹೇಳುವ ಮೊದಲೇ ಅವರು ಟೋಪಿ ತೆಗೆದಿದ್ದರು,
ನನ್ನ ಮುಖ ಏನಂದಿತೋ.
ಮೂವತ್ತೆರಡು ತಪ್ಪಿತು. ಅದನ್ನೂ ಬರೆದೆ.

ಸೋಮವಾರ, ಗಂಡಸಿ ಹೋಬಳಿಯ ಒಂದು ಹೊಲ.
ಅಣ್ಣತಮ್ಮಂದಿರು ಒಂದಾಣೆ ಅಗಲದ ಬದುವಿಗೆ
ಕೊರಳಪಟ್ಟಿ ಹಿಡಿದು ನಿಂತಿದ್ದಾರೆ.
"ಮೇಡಂ, ಕಲ್ಲು ಎಲ್ಲಿ ನೆಡೋದು, ಬೇಗ ಹೇಳಿ."
ಎಡಗೆನ್ನೆಗೆ ಏನೋ ತಣ್ಣಗೆ ತಾಗಿತು.
ಬದುವಿನ ಹುಲ್ಲು ಬಾಗಿ, ಪೂರ್ತಿ ಏಳದೆ, ಮತ್ತೆ ಬಾಗಿತು.
"ಷ್" ಎಂದೆ.
ಇಬ್ಬರೂ ಕೈಬಿಟ್ಟು
ಹುಲ್ಲನ್ನೇ ನೋಡತೊಡಗಿದರು.