ಸೊನ್ನೆ ಮಡಿ

ನಾಲೆಯ ಕೆಳಗೆ, ಮಂಡ್ಯದ ಬಯಲಲ್ಲಿ
ಮೂರು ಮೀಟರ್ ಅಗಲ, ನಾಲ್ಕು ಉದ್ದ,
ಒಟ್ಟು ನೂರ ಎಂಟು ಮಡಿ.
ಒಂಬತ್ತು ಭತ್ತದ ತಳಿ, ಗೊಬ್ಬರದ ನಾಲ್ಕು ಮೋತಾದು, ಮೂರು ಆವರ್ತಿ.
ಯಾರಿಗೆ ಎಷ್ಟು ಅಂತ ಚೀಟಿ ಎತ್ತಿ ಹಂಚಿದ್ದು,
ಪ್ರಸಾದದ ಹಾಗಲ್ಲ,
ಚುನಾವಣೆ ಡ್ಯೂಟಿಯ ಹಾಗೆ.

ನನ್ನ ಕೆಲಸ ತೂಗುವುದು.
ನೂರರ ಮಡಿಗೆ ಸಲಕ್ಕೆ ಎಂಬತ್ತೇಳು ಗ್ರಾಂ ಯೂರಿಯಾ,
ಕವರಿಗೆ ಗಂಟು, ಗಂಟಿಗೆ ನಂಬರು.
ಬೆಳಗಿನ ಮಂಜಿಗೇ ಅದು ಬೆವರುತ್ತದೆ;
ತಡ ಮಾಡಿದರೆ ತಕ್ಕಡಿ ಸುಳ್ಳು ಹೇಳುತ್ತದೆ.
ಸೊನ್ನೆಯ ಮಡಿಗೂ ಚೀಟಿ ಬರೆದು
ಖಾಲಿ ಕವರೊಳಗೆ ಇಡುತ್ತೇನೆ.
ಲೆಕ್ಕ ತಪ್ಪಬಾರದಲ್ಲ.

ಎರಚುವವಳು ದೊಡ್ಡತಾಯಮ್ಮ.
ಮೂರನೇ ಸಲ, ಬದುವಿನ ಮೇಲೆ ನಿಂತು
ಖಾಲಿ ಕವರನ್ನು ಬಿಸಿಲಿಗೆ ಹಿಡಿದಳು.
"ಇದಕ್ಕೇನೂ ಇಲ್ವಾ?"
ಇಲ್ಲ.
"ಹೋದ ಸಲಾನೂ ಇರ್ನಿಲ್ಲ."
ಅದು ಹಾಗೇ ಇರಬೇಕು.
ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ,
ಬಡಿಸದೆ ಮುಂದೆ ಹೋದವರನ್ನು ನೋಡುವ ಹಾಗೆ
ನನ್ನನ್ನು ನೋಡಿದಳು.

ಹದಿನೈದು ದಿನದ ಮೇಲೆ
ಎಲೆಬಣ್ಣದ ಪಟ್ಟಿ ಹಿಡಿದು ಹೋದರೆ
ಎಪ್ಪತ್ತೊಂದನೇ ಮಡಿ, ಸೊನ್ನೆಯದು,
ಹಳದಿಯ ನಡುವೆ ಒಂದು ಕಡೆ ಗಿಣಿಹಸಿರು.
ಸರಿಯಾಗಿ ಒಂದು ಹಿಡಿ ಬೀಳುವಷ್ಟು ಅಗಲ.
ಯಾರನ್ನೂ ಕೇಳಬೇಕಾಗಲಿಲ್ಲ.
"ಒಂದೇ ಹಿಡಿ ಕನವ್ವ, ಕೈಲಿ ಮಿಕ್ಕಿತ್ತು" ಅಂದಳು,
ಮಗುವಿಗೆ ಕದ್ದು ಉಣಿಸಿದವಳ ದನಿಯಲ್ಲಿ.
ಪುಸ್ತಕದಲ್ಲಿ ಎಪ್ಪತ್ತೊಂದರ ಮುಂದೆ ಗೆರೆ ಎಳೆದು
'ಕಾರಣ' ಎಂಬಲ್ಲಿ ಬರೆದೆ:
ಇಲಿ.

ಕಟಾವಾಯಿತು. ಕಾಳು ಬೇರೆ, ಹುಲ್ಲು ಬೇರೆ ಪುಡಿ ಮಾಡಿ
ಆಮ್ಲದಲ್ಲಿ ಕುದಿಸಿ, ಕ್ಷಾರ ಸುರಿದು, ಆವಿ ಹಿಡಿದರೆ
ಮುಚ್ಚಿದ ಕೋಣೆಯಲ್ಲಿ ಮುಂಜಾನೆಯ ಕೊಟ್ಟಿಗೆಯ ಘಾಟು.
ಅದೇ ಅದು. ಗುಲಾಬಿ ನೀರು ಹಸಿರಾಗುತ್ತದೆ;
ಹನಿ ಎಣಿಸುತ್ತ ಮತ್ತೆ ಗುಲಾಬಿಗೆ ತರಬೇಕು.
ಎಣಿಸಿ ಎಣಿಸಿ ಸಿಕ್ಕಿದ್ದಿಷ್ಟು:
ಕೊಟ್ಟ ನೂರರಲ್ಲಿ ಪೈರಿನ ಮೈಗೆ ಹತ್ತಿದ್ದು ಮೂವತ್ತೈದು.
ಅಷ್ಟು ಗಾಳಿಗೆ, ಇಷ್ಟು ನೀರಿಗೆ.
ಬಸಿಗಾಲುವೆಯಲ್ಲಿ ಅಂತರಗಂಗೆ
ಅರ್ಜಿ ಹಾಕದೆ ಸಬ್ಸಿಡಿ ಪಡೆದು
ನೇರಳೆ ಹೂ ಬಿಟ್ಟು ಕೂತಿದೆ.

ಮೂರನೇ ತಳಿ ತಿಂದಿದ್ದೇ ತಿಂದಿದ್ದು.
ಕಪ್ಪುಹಸಿರು ಗರಿ, ಮೊಣಕಾಲಿಗೆ ಬರುವ ಸೊಕ್ಕು,
ಒಂದು ಸಂಜೆಯ ಗಾಳಿಗೆ ಅಂಗಾತ.
ಏಳನೆಯದು ಹಾಗಲ್ಲ.
ಐವತ್ತು ಕೊಟ್ಟರೂ ನೂರಕ್ಕೆ ಕೊಡುವಷ್ಟೇ ಕಾಳು.
ತೆನೆ ತೂಗುವ ಹೊತ್ತಿಗೆ
ಎಲೆಯಲ್ಲಿದ್ದುದನ್ನೆಲ್ಲ ತಾನೇ ಹಿಂತೆಗೆದು
ಕಾಳಿಗೆ ಇಳಿಸಿ
ಬರಿಗೈಯಲ್ಲಿ ನಿಂತುಬಿಡುತ್ತದೆ.
ಮೇಡಂ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು,
'ದಕ್ಷತೆ'ಯ ಕೆಳಗೆ ಕೆಂಪು ಶಾಯಿಯ ಸುತ್ತು.
ಅವತ್ತು ಎಲ್ಲರಿಗೂ ಮದ್ದೂರು ವಡೆ.

ಆ ತಳಿಯ ಎರಡು ಹೊರೆ ಹುಲ್ಲು
ದೊಡ್ಡತಾಯಮ್ಮನ ಪಾಲಿಗೆ ಬಂತು.
ಮೂರು ದಿನ ಬಿಟ್ಟು ಬಂದು ಹೇಳಿದಳು:
"ಹಸ ಮೂಸಿ ಪಕ್ಕಕ್ಕೆ ತಳ್ತು ಕನವ್ವ.
ಸಪ್ಪೆ. ಎಲ್ಲಾನೂ ಕಾಳ್ಗೇ ಕೊಟ್ಬುಟ್ಟದೆ ಅದು."
ನನ್ನ ಪುಸ್ತಕ ತೆಗೆದು ನೋಡಿದೆ:
ಏಳನೇ ತಳಿ, ಹುಲ್ಲು, ಸೊನ್ನೆ ದಶಾಂಶ ಮೂರು ಎಂಟು.
ಆಮ್ಲವಿಲ್ಲ, ಕರೆಂಟಿಲ್ಲ,
ಒಂದೇ ಉಸಿರಲ್ಲಿ ಕಂಡುಹಿಡಿದಿತ್ತು ಹಸ.
ಮೇಡಂಗೆ ಹೇಳೋಣವೆಂದುಕೊಂಡೆ.
ಎಲ್ಲಿ ಬರೆಯುವುದು, ಕೋಷ್ಟಕದಲ್ಲಿ
ಹಸುವಿಗೆ ಕಾಲಂ ಇರಲಿಲ್ಲ.

ಮುಂದಿನ ಹಂಗಾಮು. ಮತ್ತೆ ಮಂಜು, ಮತ್ತೆ ತಕ್ಕಡಿ.
ಈ ಸಲ ಸೊನ್ನೆಯ ಕವರುಗಳನ್ನು ನಾನೇ ಇಟ್ಟುಕೊಂಡೆ.
ಅಂಥ ಮೊದಲ ಮಡಿ ಬಂದಾಗ
ಅವಳು ಬದುವಿನ ಮೇಲೆ ನಿಂತು
ಕೈ ಕೊಡವಿ, ಎರಡೂ ಅಂಗೈ ಬಿಚ್ಚಿ ತೋರಿಸಿದಳು:
"ನೋಡ್ಕೊ. ಏನೂ ಇಲ್ಲ."
ನೋಡಿದೆ.
ಬೆರಳ ಸಂದಿಯಲ್ಲಿ ಎರಡು ಬಿಳಿ ಹರಳು
ಆಗಲೇ ಬೆವರುತ್ತಿದ್ದವು.