ಮುಖಪುಟದ ಕಲೆ

ದುರ್ಗಿಗುಡಿಯ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಅಂಗಡಿ.
ಟೈಪಿಂಗ್, ಲ್ಯಾಮಿನೇಷನ್, ಥೀಸಿಸ್ ಬೈಂಡಿಂಗ್.
ಬೋರ್ಡಿನ ಬೈಂಡಿಂಗಿನಲ್ಲಿ ಮೊದಲ ಸೊನ್ನೆ ಉದುರಿ
ವರ್ಷವಾಯಿತು, ಯಾರೂ ಗಮನಿಸಿಲ್ಲ.

ಮಾರ್ಚಿಯಲ್ಲಿ ಎಲ್ಲರಿಗೂ ಮುಖಪುಟ ಬೇಕು.
ಬಿ.ಎಡ್. ಹುಡುಗಿಯರಿಗೆ ನಾಲ್ಕು ಮೂಲೆಗೂ ಬಳ್ಳಿ,
ಸೊಸೈಟಿಯ ವಾರ್ಷಿಕ ವರದಿಗೆ ಅಧ್ಯಕ್ಷರು, ಅವರ ಹಿಂದೆ ಜೋಗ.
ರಾಜಾ ಸರಿಯಾಗಿ ಅವರ ನೆತ್ತಿಗೇ ಬೀಳುವಂತೆ ಒಮ್ಮೆ ಕೂರಿಸಿ
ಬೈಸಿಕೊಂಡಿದ್ದೇನೆ.

ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಇಷ್ಟು:
ಎಡಕ್ಕೆ ಒಂದೂವರೆ ಇಂಚು ಬಿಡಬೇಕು, ಇಲ್ಲವಾದರೆ
ಇಮಾಮ್ ಸಾಬರ ಸೂಜಿ ಮೊದಲಕ್ಷರವನ್ನೇ ಹೊಲಿಯುತ್ತದೆ.
ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಬೇಕು,
ಸಾಲು ಹತ್ತಿರವಾದರೆ ಮೇಲಿನವನ ಕಾಲು
ಕೆಳಗಿನವನ ತಲೆಕಟ್ಟಿಗೆ ತಾಗುತ್ತದೆ.
ಮತ್ತೆ, ಖಾಲಿ ಜಾಗಕ್ಕೆ ಯಾವ ಗಿರಾಕಿಯೂ ದುಡ್ಡು ಕೊಡುವುದಿಲ್ಲ.

ಗುತ್ಯಪ್ಪ ಬಂದದ್ದು ಮಧ್ಯಾಹ್ನ ಎರಡರ ಬಿಸಿಲಿನಲ್ಲಿ.
ಸಾಗರದ ಕಡೆಯ ಯಾವುದೋ ಉಪಕೇಂದ್ರದ ಆರೋಗ್ಯ ಸಹಾಯಕ.
ಪ್ಯಾಂಟಿನ ತುದಿ ಸಾಕ್ಸಿನೊಳಗೆ. ತೆಗೆಯಲು ಮರೆತಿದ್ದಾನೆ,
ಅಥವಾ ಹಾಗೇ ಅಭ್ಯಾಸ.
ಬ್ಯಾಗಿನಿಂದ ಅರವತ್ತೆರಡು ಹಾಳೆ:
ಸತ್ತ ಮಂಗ ಎಲ್ಲಿ, ಯಾವ ದಿನ, ತಿಳಿಸಿದವರು ಯಾರು,
ದರಕು ತರಲು ಹೋದವರು ಯಾರು, ಜ್ವರ ಎಂದಿನಿಂದ,
ಎಣ್ಣೆ ಹಚ್ಚಿಕೊಂಡಿದ್ದರೇ, ಎಣ್ಣೆ ಬಂದಿತ್ತೇ.
ಆ ಕೊನೆಯ ಕಾಲಮ್ಮಿನಲ್ಲಿ ಉದ್ದಕ್ಕೂ ಇಲ್ಲ, ಇಲ್ಲ, ಇಲ್ಲ.

"ಮೇಲೊಂದು ಹಾಳೆ ಮಾಡಿಕೊಡಿ ಅಕ್ಕಾ.
ಹೋದ ವರ್ಷದ್ದು ಸಾಹೇಬರ ಮೇಜಿನ ಮೇಲೇ ಇತ್ತಂತೆ,
ಚಾ ಲೋಟ ಇಡೋಕೆ."

ನಾನು ಮಂಗ ಹುಡುಕಿದೆ. ನಗುವ ಮಂಗ, ಬಾಳೆಹಣ್ಣಿನ ಮಂಗ.
ಬೇಡವೆಂದು ತಲೆಯಾಡಿಸಿದ. ಕೆಂಪು ಅಕ್ಷರ, ತಲೆಬುರುಡೆ?
"ಹೆದರಿಸಿದರೆ ಮುಚ್ಚಿಡ್ತಾರೆ. ಊರಲ್ಲೂ ಅಷ್ಟೇ, ಆಫೀಸಲ್ಲೂ ಅಷ್ಟೇ."
ಕಾಡಿನ ಫೋಟೊ?
"ಕಾಡು ಕಂಡರೆ ಟೂರಿಸಂ ಇಲಾಖೆಗೆ ಕಳಿಸಿಬಿಡ್ತಾರೆ."

ಆಮೇಲೆ ಸುಮ್ಮನೆ ಹೇಳಿದ, ಮುಖಪುಟಕ್ಕೆಂದಲ್ಲ,
ಫ್ಯಾನಿನ ಕೆಳಗೆ ಬೆವರು ಆರುವವರೆಗೆ:
"ಬಿಳಿ ಫ್ಲಾನೆಲ್ ಬಟ್ಟೆ ಕೋಲಿಗೆ ಕಟ್ಟಿ
ದರಕಿನ ಮೇಲೆ ಎಳ್ಕೊಂಡು ಹೋಗ್ತೀವಿ,
ಹತ್ತು ಹೆಜ್ಜೆಗೊಮ್ಮೆ ಮಗುಚಿ ನೋಡ್ತೀವಿ.
ಉಣುಗಿನ ಮರಿ ಗಸಗಸೆಯಷ್ಟು. ಎಲೆ ಮೇಲೆ ಕಾಣಲ್ಲ,
ಮೈ ಹತ್ತಿದ್ದೂ ಗೊತ್ತಾಗಲ್ಲ.
ಬಿಳಿ ಮೇಲೆ ಮಾತ್ರ..."

ಬಳ್ಳಿ ತೆಗೆದೆ. ಲಾಂಛನ ಚಿಕ್ಕದು ಮಾಡಿ ಕೆಳಗಿಳಿಸಿದೆ.
ಹದಿನೆಂಟರ ಗಾತ್ರದಲ್ಲಿ, ಮಂಗನ ಕಾಯಿಲೆ.
ಅದರಡಿ ಊರು, ವರ್ಷ. ಉಳಿದದ್ದೆಲ್ಲ ಬಿಳಿ.
ಬಲಗಡೆ, ಎತ್ತಿಕೊಂಡವರ ಹೆಬ್ಬೆರಳು ಬರುವಲ್ಲಿ,
ಒಂದು ಚುಕ್ಕೆ.
ಗುತ್ಯಪ್ಪ ಮಾನಿಟರಿನ ಹತ್ತಿರ ಮುಖ ತಂದು
"ಇನ್ನೊಂಚೂರು ಸಣ್ಣ" ಎಂದ.

ಪ್ರಿಂಟು ಬಂದಾಗ ಇಮಾಮ್ ಸಾಬರು ಮೈದಾ ಅಂಟಿನ ಕೈಯಲ್ಲೇ
ಉಗುರಿನಿಂದ ಅದನ್ನು ಕೆರೆದರು. ಎರಡು ಸಲ.
ಆಮೇಲೆ ತಮ್ಮ ಮುಂಗೈ ನೋಡಿಕೊಂಡರು.
ಇದಕ್ಕಿಂತ ಒಳ್ಳೆಯ ಮುಖಪುಟ ನಾನು ಮಾಡಿಲ್ಲ.

ಸೋಮವಾರ ಜವಾನ ಬಂದ, ವರದಿ ಕಂಕುಳಲ್ಲಿ.
"ಮುಖಪುಟದಲ್ಲಿ ಕಲೆ ಇದೆಯಂತೆ. ಬೇರೆ ತೆಗೆದುಕೊಡಿ.
ಹಾಗೇ ಒಂದು ಬಾರ್ಡರು, ಚೆನ್ನಾಗಿ ಕಾಣ್ಲಿ."
ಚುಕ್ಕೆಯ ಸುತ್ತ ಉಜ್ಜಿ ಉಜ್ಜಿ ಕಾಗದ ನಾರೆದ್ದಿತ್ತು.
ಒಳಗಿನ ಹಾಳೆಗಳು ಮಾತ್ರ
ನಾವು ಕೊಟ್ಟ ದಿನದಂತೆಯೇ ಒಂದಕ್ಕೊಂದು ಅಂಟಿಕೊಂಡಿದ್ದವು.

ಗುತ್ಯಪ್ಪನ ಫೋನು ಸಿಗಲಿಲ್ಲ, ಕಾಡಿನಲ್ಲಿರಬೇಕು.
ನಾಲ್ಕು ಮೂಲೆಗೂ ಬಳ್ಳಿ ಹಾಕಿದೆ. ಚುಕ್ಕೆ ಅಳಿಸಿದೆ.
ಜವಾನ ದೂರ ಹಿಡಿದು ನೋಡಿ, ಈಗ ಸರಿ ಎಂದ.

ಶೀರ್ಷಿಕೆಯ ಕೊನೆಗೆ ಪೂರ್ಣವಿರಾಮ ಇಡಬಾರದೆಂದು
ಕಲಿಯಲು ಬಂದ ಹುಡುಗರಿಗೆಲ್ಲ ಹೇಳಿಕೊಟ್ಟವಳು ನಾನೇ.

ಇಟ್ಟೆ.