ಕಾಣೆ

ಏಳಕ್ಕೆ ಹೊರಡೋಣ ಎಂದವರು
ಒಂಬತ್ತೂವರೆಗೆ ಬಂದರು,
ಮೂರು ಜನ, ಒಂದು ಕೊಡೆ, ಒಂದು ಡಬ್ಬಿ ಚಿತ್ರಾನ್ನ.
ಇಳಿತ ಯಾರಿಗೂ ಕಾಯುವುದಿಲ್ಲವೆಂದು
ನಾನು ಹೇಳಲಿಲ್ಲ.
ಪೋರ್ಟ್ ಜರ್ಮೀನ್ ತಲುಪುವಾಗ
ಸಮುದ್ರ ಎದ್ದು ಹೋಗಿತ್ತು.
ಮರದ ಜೆಟ್ಟಿ ಬರೀ ಮರಳಿನ ಮೇಲೆ
ಮದುವೆ ಮುಗಿದ ಮರುದಿನದ ಚಪ್ಪರದ ಹಾಗೆ
ಉದ್ದಕ್ಕೆ ನಿಂತಿತ್ತು.

"ನೀರೆಲ್ಲಿ?" ಎಂದ ಫಣಿರಾಜ.
ತುದಿಯಲ್ಲಿದೆ, ನಡಿ.

ನಡೆದೆವು. ಹಲಗೆಯ ಸಂದಿಯಲ್ಲಿ
ಶರ್ವಾಣಿಯ ಚಪ್ಪಲಿ ಎರಡು ಸಲ ಸಿಕ್ಕಿತು.
ಹಲ್ಲಿನ ಡಾಕ್ಟರು ಚಂದ್ರಕೀರ್ತಿ
ಎಲ್ಲರ ನೀರಿನ ಬಾಟಲಿ ಹೊತ್ತು
"ನಾನು ನೋಡಲಿಕ್ಕೆ ಮಾತ್ರ" ಎಂದು ಐದನೆಯ ಬಾರಿ ಹೇಳಿದ.
ಕೊಲ್ಲಿಯ ಆಚೆ ಪಿರಿಯ ಎತ್ತರದ ಚಿಮಣಿ.
ಸೋಮವಾರದಿಂದ ಶುಕ್ರವಾರ
ನಾನು ಸೀಸ ತೂಗುವ ಊರು ಅದು.
ಜೇಬಿನಲ್ಲಿ ಸೀಸದ ಆರು ಗುಂಡು, ನಡೆದಂತೆ ಸದ್ದು.

ಮರುವಾಯಿಯ ಮಾಂಸವನ್ನು ಶರ್ವಾಣಿ
ಟಿಶ್ಯೂ ಕಾಗದದಲ್ಲಿ ಹಿಡಿದು ಮುಖ ತಿರುಗಿಸಿ ಚುಚ್ಚಿದಳು;
ಮೀನಿಗೆ ಮೊದಲು ಕಾಗದ ಹೋಯಿತು.
ಫಣಿರಾಜ ಬೀಸಿದ ಮೊದಲ ಗಾಳ
ನನ್ನ ಟೋಪಿ ಹಿಡಿಯಿತು,
ಎರಡನೆಯದು ಪಕ್ಕದ ಸ್ಟಾವ್ರೋಸನ ಕುರ್ಚಿ.
ಎಪ್ಪತ್ತು ದಾಟಿದ ಗ್ರೀಕ ಮುದುಕ
ಮಾತಿಲ್ಲದೆ ಬಕೆಟ್ಟು ಎತ್ತಿ
ನಾಲ್ಕು ಹೆಜ್ಜೆ ಸರಿದ.
ಮಧ್ಯಾಹ್ನದೊಳಗೆ ಅವನು
ಜೆಟ್ಟಿಯ ಇನ್ನೊಂದು ಮೂಲೆಯಲ್ಲಿದ್ದ.

"ಎಷ್ಟು ಹೊತ್ತು ಕಾಯಬೇಕು?"
ನಾಲ್ಕು ನಿಮಿಷವಾಗಿತ್ತು.
"ಯಾವ ಮೀನು ಸಿಗುತ್ತೆ ಇಲ್ಲಿ?"
ವೈಟಿಂಗ್.
"ವೇಟಿಂಗಾ? ಅದು ಕಾಣ್ತಾ ಇದೆಯಲ್ಲ."
ನಮ್ಮ ಕಡೆ ಅದಕ್ಕೆ ಕಾಣೆ ಅಂತೀವಿ, ಎಂದೆ.
"ನಿಜವಾಗಲೂ ಹೇಳು."
ನಿಜವಾಗಲೂ ಕಾಣೆ.
ಫಣಿರಾಜ ನಕ್ಕ ನಗೆಗೆ
ಇದ್ದ ಮೀನೂ ಕಾಣೆಯಾಗಿರಬೇಕು.

ಮಲ್ಪೆಯ ದಕ್ಕೆಯಲ್ಲಿ ನನಗೆ ಏಳು ವರ್ಷ.
ನಾನು ಸಿಕ್ಕು ಮಾಡಿದ ದಾರವನ್ನು ಪದ್ದಮಾಮ
ಹಲ್ಲಿನಿಂದ ಕಚ್ಚಿ ತುಂಡರಿಸಿ
ನೀರಿಗೆಸೆದು ಹೇಳಿದ:
ಹೋಗು, ಶಾಲೆ ಕಲಿ.
ಕಲಿತೆ.

ಎರಡು ಗಂಟೆಗೆ ಭರತ ತಿರುಗಿತು.
ಶರ್ವಾಣಿ ಊಟಕ್ಕೆ ಕುಳಿತು
ತನ್ನ ಕೋಲನ್ನು ಚಂದ್ರಕೀರ್ತಿಯ ಕೈಗಿತ್ತಳು,
ಒಂದು ನಿಮಿಷ, ಬರೀ ಹಿಡಿದುಕೊಳ್ಳಿ.
ಅವನು ಹಿಡಿದ,
ನೋವಿರುವ ಹಲ್ಲನ್ನು ಮುಟ್ಟುವ ಹಾಗೆ.
ಆಮೇಲೆ ಪಿಸುಮಾತಿನಲ್ಲಿ,
"ಯಾರೋ ಎಳೀತಿದ್ದಾರೆ."

ಮೀನಿಗೆ ಕಾಯುವುದು ನನಗೆ ಕಷ್ಟವೇ ಅಲ್ಲ,
ಅದು ಹುಟ್ಟಿನಿಂದ ಬಂದ ಸೋಮಾರಿತನ.
ಕಷ್ಟ ಇದು:
ಕೋಲು ಬಾಗಿದೆ, ಅವನು ತಿರುಗಣಿಯನ್ನು
ಹಿಂದುಮುಂದಾಗಿ ಸುತ್ತುತ್ತಿದ್ದಾನೆ,
ನನ್ನ ಬಲಗೈ ತಾನಾಗಿ ಮುಂದೆ ಹೋಗುತ್ತಿದೆ,
ಮಾಮನ ಕೈ, ಅದೇ ಗೆಣ್ಣು, ಅದೇ ಅವಸರ.
ಎಡಗೈಯಿಂದ ಅದನ್ನು ಹಿಡಿದು
ಬೆನ್ನ ಹಿಂದಕ್ಕೆ ತಂದು ನಿಂತೆ.
ಇನ್ನೊಂದು ಕಡೆ ಸುತ್ತು ಎಂದೆ, ಅಷ್ಟೇ.
ಅದೂ ಜಾಸ್ತಿಯಾಯಿತೇನೋ.

ಬಂತು. ಕಾಣೆಯೇ.
ಕಂದು ಚುಕ್ಕೆ, ಉದ್ದ ಮೂತಿ, ಬೆಳ್ಳಿ ಹೊಟ್ಟೆ.
ಪಟ್ಟಿಯ ಮೇಲಿಟ್ಟು ನೋಡಿದರೆ
ಅಳತೆಗೆ ಎರಡು ಬೆರಳು ಕಮ್ಮಿ.
ಬಿಡಬೇಕು, ಎಂದೆ.
ಅವನ ಮುಖಕ್ಕೆ ರಕ್ತ ವಾಪಸು ಬಂತು.
ಸರ್ಕಾರದ ಕಾನೂನೂ ಅವನ ಬಸದಿಯೂ
ಒಂದೇ ಮಾತು ಹೇಳಿದ್ದು ಬಹುಶಃ ಅದೇ ಮೊದಲು.
ಕೈ ಒದ್ದೆ ಮಾಡಿಕೊಂಡು,
ಮೆಟ್ಟಿಲ ಕೊನೆಗಿಳಿದು, ಬಾಗಿ,
ಮೀನಿಗೆ ಏನೋ ಹೇಳಿ ಬಿಟ್ಟ.
ಏನೆಂದು ನಾವು ಕೇಳಲಿಲ್ಲ.
ದೂರದಲ್ಲಿ ಸ್ಟಾವ್ರೋಸ್ ಟೋಪಿ ತೆಗೆದ,
ನಮಗೋ, ತಲೆ ಕೆರೆಯಲಿಕ್ಕೋ.

ನೀನು ಗಾಳ ಹಾಕಲೇ ಇಲ್ಲವಲ್ಲ,
ಎಂದಳು ಶರ್ವಾಣಿ, ಕಾರಿನಲ್ಲಿ.
ಹೌದಾ, ಎಂದೆ.

ಈಗ ಅಡಿಗೆಮನೆಯ ಮೇಜಿನ ಮೇಲೆ
ಮೂರು ಕೋಲಿನ ದಾರ ಒಂದೇ ಮುದ್ದೆ,
ಹಕ್ಕಿ ಬಿಟ್ಟುಹೋದ ಗೂಡಿನಷ್ಟು.
ರಾತ್ರಿ ಮಲಗುವ ಮುಂಚೆ
ಒಂದು ಗಂಟು ಬಿಡಿಸುತ್ತೇನೆ,
ಕೆಲವು ರಾತ್ರಿ ಅದೂ ಇಲ್ಲ.
ಹೊಸ ದಾರಕ್ಕೆ ಎಂಟು ಡಾಲರು.
ಕತ್ತರಿ ಅಲ್ಲೇ ಇದೆ, ಕೈಗೆಟುಕುವಲ್ಲಿ.